ಕೊನೆಗೆ ಬಳಿಯುವ ಆಕಾಶ

ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡು ಬಂದ ದಿನದಿಂದಲೇ ನನಗೂ ಅದಕ್ಕೂ ಆಗಿಬರಲಿಲ್ಲ. ಅದನ್ನು ನೇತುಹಾಕಲು ನನ್ನ ಚಿತ್ರಕಲಾ ಕೋಣೆಯ ಅತ್ಯುತ್ತಮ ಗೋಡೆಯನ್ನೇ ಆರಿಸಿದರು, ಬೆಳಗಿನ ಬೆಳಕು ನೇರವಾಗಿ ಬೀಳುತ್ತಿದ್ದ ಗೋಡೆ. ಬೆಳಕು ಬಿದ್ದರೆ ಬೋರ್ಡು ಕಾಣುವುದಿಲ್ಲವೆಂದು ಆಮೇಲೆ ಕಿಟಕಿಗಳಿಗೆ ದಪ್ಪ ಪರದೆಯೂ ಬಂತು. ಚಿತ್ರ ಕಲಿಸುವ ಕೋಣೆಗೆ ಕತ್ತಲೆ ತಂದು ಕೂರಿಸಿದ ಬುದ್ಧಿವಂತರು ಯಾರೋ ಏನೋ. ಬರುವ ಜೂನಿಗೆ ನನ್ನ ನಿವೃತ್ತಿ. ಅಲ್ಲಿಯವರೆಗೆ ಅದನ್ನು ಮುಟ್ಟದೆ ಕಾಲ ತಳ್ಳಿಬಿಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ತಿಹಾನಾಳನ್ನು ತಂದು ನನ್ನ ತಲೆಗೆ ಕಟ್ಟಿದರು.

ತಿಹಾನಾ ಗಜ್ದೆಕ್ ತರಬೇತಿಯ ಶಿಕ್ಷಕಿ. ರಾಜಧಾನಿ ಜಾಗ್ರೆಬ್‌ನಲ್ಲಿ ಚಿತ್ರಕಲೆ ಓದಿ ಬಂದವಳು, ಆದರೆ ಹುಟ್ಟಿ ಬೆಳೆದದ್ದು ನಮ್ಮೂರಲ್ಲೇ, ದ್ರಾವಾ ನದಿಯ ಬಯಲಲ್ಲಿ. ಚಿಕ್ಕವಳಿದ್ದಾಗ ನನ್ನ ಕ್ಲಾಸಿನಲ್ಲೇ ಕೂತು ಮೂಗಿನ ತುದಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಈಗ ನಾನು ಅವಳ ಮಾರ್ಗದರ್ಶಿ. ವರ್ಷ ಮುಗಿಯುವುದರೊಳಗೆ ಅವಳು ಪರೀಕ್ಷಾ ಸಮಿತಿಯ ಮುಂದೆ ಒಂದು ಪಾಠ ಮಾಡಬೇಕು. ಪಾಸಾದರೆ ನನ್ನ ಜಾಗ ಅವಳಿಗೆ ಖಾಯಂ. ಬಿದ್ದರೆ ಇನ್ನೊಂದೇ ಒಂದು ಅವಕಾಶ, ಅದರಲ್ಲೂ ಬಿದ್ದರೆ ಚೀಲ ಎತ್ತಿಕೊಂಡು ಮನೆಗೆ.

ಮೊದಲ ಅವಕಾಶ ಚಳಿಗಾಲದಲ್ಲೇ ಮುಗಿದುಹೋಗಿತ್ತು. ಬೋರ್ಡಿನ ಮೇಲೆ ಏನೋ ತಪ್ಪು ಬರೆದಳು, ಗಾಬರಿಯಾದಳು, ಪಕ್ಕದಲ್ಲಿದ್ದ ಒದ್ದೆ ಸ್ಪಂಜು ತೆಗೆದುಕೊಂಡು ಹಳೇ ಕರಿಹಲಗೆ ಒರೆಸುವ ಹಾಗೆ ಅದನ್ನು ಒರೆಸಿಬಿಟ್ಟಳು. ನೀರು ತಾಗಿದ ಕಡೆಯಲ್ಲೆಲ್ಲ ಯಾರೋ ಬೆರಳಿಟ್ಟಂತೆ ಬೋರ್ಡು ತನ್ನಷ್ಟಕ್ಕೆ ತಾನೇ ಪುಟ ತಿರುಗಿಸತೊಡಗಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಸಮಿತಿಯ ಹಿರಿಯರು, ರುಕಾವಿನಾ ಎಂಬ ಮೇಡಂ, ನಗಲಿಲ್ಲ. "ಚಿತ್ರ ಚೆನ್ನಾಗಿ ಬಿಡಿಸ್ತೀರಿ. ಆದರೆ ಈ ಕೋಣೆಯಲ್ಲಿರೋ ಸಲಕರಣೆ ನಿಮ್ಮನ್ನ ಆಡಿಸ್ತಿದೆ, ನೀವು ಅದನ್ನಲ್ಲ," ಅಂದು ಎದ್ದರು.

ಅವತ್ತು ತಿಹಾನಾ ಅಳಲಿಲ್ಲ. ಒದ್ದೆ ಸ್ಪಂಜು ಹಿಡಿದುಕೊಂಡೇ ಬಸ್ ಸ್ಟಾಪಿನವರೆಗೂ ನಡೆದಿದ್ದಳು.

ಆಮೇಲೆ ಶುರುವಾಯಿತು ನಮ್ಮ ಮಧ್ಯಾಹ್ನದ ಪಾಠ. ಕಂಪ್ಯೂಟರ್ ಕಲಿಸುವ ದಮಿರ್‌ನನ್ನು ಹಿಡಿದು ತಂದೆ. ಅವನಿಗೆ ಲಂಚವಾಗಿ ಕುಂಬಳಕಾಯಿ, ಗಸಗಸೆ ತುಂಬಿ ಹಿಟ್ಟಿನ ಹಾಳೆ ಸುತ್ತಿದ ಸುರುಳಿ ತಿಂಡಿ ಬೇಯಿಸಿ ತರುತ್ತಿದ್ದೆ. ಅವನು ಬಾಯಿ ತುಂಬ ತಿನ್ನುತ್ತ ಬೋರ್ಡಿನ ಮೇಲೆ ಚಿತ್ರ ಬಿಡಿಸುವುದು ಹೇಗೆಂದು ತೋರಿಸುತ್ತಿದ್ದ.

"ನೋಡು ತಿಹಾನಾ, ಇಲ್ಲಿ ಚಿತ್ರ ಅಂದ್ರೆ ಪದರ ಪದರ. ಒಂದರ ಮೇಲೊಂದು. ಹೊಸದೇನಾದ್ರೂ ಬಿಡಿಸೋ ಮೊದಲು ಈ ಕೂಡಿಸೋ ಗುರುತು ಒತ್ತು, ಹೊಸ ಪದರ ಬರುತ್ತೆ. ಹೊಸದು ಯಾವಾಗ್ಲೂ ಮೇಲೆ ಕೂರುತ್ತೆ. ಗೊತ್ತಾಯ್ತಾ?"

"ಗೊತ್ತಾಯ್ತು."

"ಹಾಗಾದ್ರೆ ಒಂದು ಹುಂಜ ಬಿಡಿಸು."

ಅವಳು ಪೆನ್ನು ಹಿಡಿದು ಹುಂಜ ಬಿಡಿಸಿದಳು. ಎಂಥ ಹುಂಜ ಅಂತೀರಿ! ಕೊಕ್ಕು ತೆರೆದು ಇನ್ನೇನು ಕೂಗಬೇಕು, ಹಾಗಿತ್ತು. ಅದರ ಹಿಂದೆ ಬೇಲಿ, ಬೇಲಿಯ ಹಿಂದೆ ಮನೆ. ಕೊನೆಗೆ ದಪ್ಪ ಕುಂಚ ಆರಿಸಿ ಇಡೀ ಚಿತ್ರದ ಮೇಲೆ ನೀಲಿ ಬಳಿದಳು. ಹುಂಜವೂ ಇಲ್ಲ, ಮನೆಯೂ ಇಲ್ಲ. ಬೋರ್ಡಿನ ತುಂಬ ನೀಲಿ.

ದಮಿರ್ ಕೈಯಲ್ಲಿದ್ದ ಸುರುಳಿ ಬಾಯಿಗೆ ಹೋಗದೆ ನಿಂತಿತು. "ಇದೇನು ಮಾಡ್ದೆ? ಅಷ್ಟು ಚೆನ್ನಾಗಿರೋದನ್ನ ಮುಚ್ಚಿಬಿಟ್ಯಲ್ಲೇ!"

ಅವನು ಸಮುದ್ರದ ಕಡೆಯವನು, ಸ್ಪ್ಲಿತ್ ಊರಿನವನು. ಅವನಿಗೆ ಹೇಗೆ ಅರ್ಥವಾಗಬೇಕು. ನನಗೆ ನೋಡಿದೊಡನೆ ಗೊತ್ತಾಯಿತು. ನಮ್ಮ ಸೀಮೆಯಲ್ಲಿ ಚಿತ್ರ ಬಿಡಿಸುವುದು ಗಾಜಿನ ಮೇಲೆ, ಅದೂ ಗಾಜಿನ ಬೆನ್ನಿಗೆ, ನೋಡುವುದು ಮುಂದಿನಿಂದ. ಹಾಗಾಗಿ ಎಲ್ಲಕ್ಕಿಂತ ಮುಂದೆ ಕಾಣಬೇಕಾದ್ದನ್ನು ಎಲ್ಲಕ್ಕಿಂತ ಮೊದಲು ಹಾಕಬೇಕು. ಹುಂಜದ ಕಣ್ಣಿನೊಳಗಿನ ಬಿಳಿ ಚುಕ್ಕೆ ಮೊದಲು, ಆಮೇಲೆ ಕಪ್ಪು ಗುಡ್ಡೆ, ಆಮೇಲೆ ತಲೆ, ಮೈ, ಬೇಲಿ, ಮನೆ. ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಆಕಾಶವನ್ನು ಎಲ್ಲದರ ಮೇಲೂ ಬಳಿದುಬಿಡುವುದು. ಬಳಿಯುವವರ ಕಡೆಗೆ ಕಾಣುವುದು ಬರೀ ನೀಲಿ. ಗಾಜು ತಿರುಗಿಸಿದರೆ ಹುಂಜ ನಿಮ್ಮನ್ನೇ ದಿಟ್ಟಿಸುತ್ತಿರುತ್ತದೆ. ತಿಹಾನಾಳ ಅಜ್ಜನೂ ಹೀಗೇ, ಅಪ್ಪನೂ ಹೀಗೇ. ಅವಳು ಅಕ್ಷರ ಬರೆಯುವ ಮೊದಲೇ ಹೀಗೆ ಬಿಡಿಸಲು ಕಲಿತವಳು. ಅವಳ ಕೈ ಅವಳ ತಲೆಯ ಮಾತು ಕೇಳುತ್ತಿರಲಿಲ್ಲ.

"ನಿನ್ನ ಕೈ ಉಲ್ಟಾ ಜೋಡಿಸಿದ್ದಾರೆ ಕಣೇ," ಅಂದ ದಮಿರ್. "ಆಕಾಶ ಮೊದಲು. ಇನ್ನೊಂದ್ಸಲ."

ಇನ್ನೊಂದು ಸಲ ಅಂತ ಹೇಳಿ ಹೇಳಿ ಅವನ ಬಾಯಿ ಸೋತಿತು. ನಿಧಾನವಾಗಿ, ಯೋಚಿಸಿ ಮಾಡಿದರೆ ಅವಳು ಸರಿಯಾಗಿಯೇ ಮಾಡುತ್ತಿದ್ದಳು. ಸ್ವಲ್ಪ ಮೈಮರೆತರೆ ಸಾಕು, ಕೈ ಸೀದಾ ಕಣ್ಣಿನ ಚುಕ್ಕೆಗೆ ಹೋಗುತ್ತಿತ್ತು. ಕಲಿತದ್ದರಲ್ಲಿ ಕೈಗೆ ಹತ್ತಿದ್ದು ಒಂದೇ: ಏನೇ ಬಿಡಿಸುವ ಮೊದಲೂ ಹೊಸ ಪದರ ಒತ್ತುವುದು. ಅದನ್ನು ಮಾತ್ರ ದಮಿರ್ ಗಿಳಿಗೆ ಕಲಿಸಿದಂತೆ ಕಲಿಸಿದ್ದ.

ನನಗೆ ಸಿಟ್ಟು ಬರುತ್ತಿತ್ತು. ಬೋರ್ಡಿನ ಮೇಲೋ, ಅವಳ ಮೇಲೋ, ಹೇಳಲಾರೆ. ಕೊನೆಗೆ ನಾನೇ ಉಪಾಯ ಹೇಳಿದೆ. "ನೀನು ಸಮಿತಿ ಮುಂದೆ ಪೆನ್ನೇ ಮುಟ್ಟಬೇಡ ಮಾರಾಯ್ತಿ. ಇಡೀ ಚಿತ್ರ ಮನೆಯಲ್ಲೇ ಬಿಡಿಸಿ ತಾ. ಪದರಗಳನ್ನ ಒಂದೊಂದಾಗಿ ಬೆರಳಲ್ಲಿ ಒತ್ತಿ ತೋರಿಸು. ಆಕಾಶ, ಗುಡ್ಡ, ಮನೆ, ಹುಂಜ. ಮುಗೀತು. ಹಿಂದಿನದು, ಮುಂದಿನದು ಅಂತ ಮಕ್ಕಳಿಗೆ ಪಾಠ."

"ಅದು ಮೋಸ ಅನ್ಸಲ್ವಾ ಟೀಚರ್?"

"ಮೋಸ ಏನು ಬಂತು? ಚಿತ್ರ ನಿಂದೇ ತಾನೆ? ನಿನಗೆ ಕೆಲಸ ಬೇಕೋ, ಬೇಡ್ವೋ?"

"ಬೇಕು," ಅಂದಳು. ಆ ಒಂದು ಮಾತನ್ನು ಅವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ ಮುಂದೆ ಬೈಯಲು ನನಗೆ ಬಾಯಿ ಬರಲಿಲ್ಲ.

ಮೇ ತಿಂಗಳ ಒಂದು ಬೆಳಿಗ್ಗೆ ಸಮಿತಿ ಬಂತು. ಮಕ್ಕಳು ಬೂಟು ಕಳಚಿ ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಒಳಗೆ ಬಂದು ಕೂತರು. ಐದನೇ ಕ್ಲಾಸು, ಎಲ್ಲರ ಮುಂದೆಯೂ ಸರ್ಕಾರ ಕೊಟ್ಟ ಟ್ಯಾಬು. ಹಿಂದಿನ ಸಾಲಿನಲ್ಲಿ ರುಕಾವಿನಾ ಮೇಡಂ, ಅವರ ಆಚೆ ಈಚೆ ಮಾತಾಡದೆ ಬರೆದುಕೊಳ್ಳುವ ಇಬ್ಬರು. ಮೂಲೆಯಲ್ಲಿ ನಾನು. ಕೂರುವ ಮೊದಲೇ ಮೇಡಂ ನನಗೆ ಹೇಳಿದ್ದರು, "ವಿಂಕಾ ಅವರೇ, ನಿಯಮ ಗೊತ್ತಲ್ಲ. ಮಾರ್ಗದರ್ಶಿ ಒಂದು ಮಾತು, ಒಂದು ಸನ್ನೆ ಮಾಡಿದ್ರೂ ಪರೀಕ್ಷೆ ರದ್ದು." ನಾನು ಕೈ ಎರಡನ್ನೂ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತೆ. ನನ್ನ ಕೈಯ ಮೇಲೆ ನನಗೇ ನಂಬಿಕೆ ಇರಲಿಲ್ಲ.

ತಿಹಾನಾ ಚೆನ್ನಾಗಿಯೇ ಶುರುಮಾಡಿದಳು. ಒತ್ತಿದಳು, ಆಕಾಶ ಬಂತು. ಒತ್ತಿದಳು, ಗುಡ್ಡ ಬಂತು. ಅವಳ ದನಿ ಸ್ವಲ್ಪ ನಡುಗುತ್ತಿತ್ತು, ಅಷ್ಟೇ. ಮಕ್ಕಳು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಮನೆ ಬಂತು, ಹುಂಜ ಬಂತು. ನನಗೆ ಮೊದಲ ಸಲ ಉಸಿರು ಸರಾಗವಾಯಿತು.

ಆಗ ರುಕಾವಿನಾ ಮೇಡಂ ಕೈ ಎತ್ತಿದರು. "ತಿಹಾನಾ ಅವರೇ, ಕ್ಷಮಿಸಿ. ಇದು ಮೊದಲೇ ಮಾಡಿಟ್ಟ ಚಿತ್ರ. ನೀವು ಮಕ್ಕಳ ಮುಂದೆ ಬಿಡಿಸೋದನ್ನ ನಾನು ನೋಡಬೇಕು. ಮಕ್ಕಳೂ ನಿಮ್ಮ ಜೊತೆಗೇ ಅವರವರ ಟ್ಯಾಬಲ್ಲಿ ಬಿಡಿಸಲಿ. ಹೊಸ ಹಾಳೆ ತೆಗೀರಿ."

ತಿಹಾನಾ ನನ್ನ ಕಡೆ ನೋಡಿದಳು. ನಾನು ಮುಖ ಕಲ್ಲು ಮಾಡಿಕೊಂಡು ನೆಲ ನೋಡಿದೆ.

ಪೆನ್ನು ತೆಗೆದುಕೊಂಡಳು. ಕೂಡಿಸುವ ಗುರುತು ಒತ್ತಿದಳು. ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಆಕಾಶ ಕಣೇ, ಆಕಾಶ, ಅಂತ ನಾನು ಒಳಗೊಳಗೇ ಬಡಕೊಳ್ಳುತ್ತಿದ್ದೆ. ಅವಳ ತುಟಿಯೂ ಅದನ್ನೇ ಹೇಳುತ್ತಿದ್ದಂತೆ ಕಂಡಿತು. ಅಷ್ಟರಲ್ಲಿ ಮುಂದಿನ ಬೆಂಚಿನ ಯಾರೋ, "ಮಿಸ್, ನಮ್ಮನೆ ಹುಂಜದ ಥರ ಕಚ್ಚೋ ಹುಂಜ ಬಿಡಿಸಿ," ಅಂದ. ತಿಹಾನಾ ನಕ್ಕಳು. ನಕ್ಕಿದ್ದೇ ತಡ, ಕೈ ಸಡಿಲವಾಯಿತು, ಬೋರ್ಡಿನ ಬೂದು ಹಾಳೆಯ ನಡುವೆ ಒಂದು ಬಿಳಿ ಚುಕ್ಕೆ ಬಿತ್ತು.

ಕಣ್ಣು.

ಮುಂದಿನದನ್ನು ನಾನು ನೋಡಲಾರದೆ ನೋಡಿದೆ. ಕಪ್ಪು ಗುಡ್ಡೆ ಬಂತು, ಕೆಂಪು ಜುಟ್ಟು ಬಂತು, ಒಂದೊಂದು ಗರಿಯೂ ಬಂತು. ಪ್ರತಿ ಸಲವೂ ಹೊಸ ಪದರ ಒತ್ತುತ್ತಿದ್ದಳು, ದಮಿರ್ ಕಲಿಸಿದಂತೆ. ಅವಳನ್ನು ನೋಡಿ ಮಕ್ಕಳೂ ಹಾಗೇ ಒತ್ತುತ್ತಿದ್ದರು. ಅವಳ ನಡುಕ ನಿಂತಿತ್ತು, ದನಿ ಬಿಚ್ಚಿಕೊಂಡಿತ್ತು. "ಸಿಟ್ಟು ಬಂದ ಹುಂಜದ ಕತ್ತು ಹೇಗಿರುತ್ತೆ? ಹಾಂ, ಉಬ್ಬುತ್ತೆ. ನಿಮ್ಮದನ್ನೂ ಉಬ್ಬಿಸಿ." ಒಂಬತ್ತು ತಿಂಗಳಲ್ಲಿ ಅವಳು ಹೀಗೆ ಪಾಠ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮಕ್ಕಳು ತಲೆ ಬಗ್ಗಿಸಿ ಟ್ಯಾಬಿನೊಳಗೇ ಹೊಕ್ಕಿದ್ದರು. ಫ್ರಾಂಕಾ ಎಂಬ ಹುಡುಗಿ, ಯಾವ ಚಿತ್ರವನ್ನೂ ಮುಗಿಸದೆ ಹರಿದುಹಾಕುವವಳು, ಅವತ್ತು ನಾಲಿಗೆ ಕಚ್ಚಿಕೊಂಡು ಬಿಡಿಸುತ್ತಿದ್ದಳು. ರುಕಾವಿನಾ ಮೇಡಂ ಕೂಡ ಮುಂದಕ್ಕೆ ಬಾಗಿದ್ದರು. ಇದೆಲ್ಲ ಹೋಗುತ್ತದೆ ಅಂತ ಗೊತ್ತಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ.

ಒಂದು ಕೆಮ್ಮು ಕೆಮ್ಮಿದರೆ ಸಾಕಿತ್ತು. ಗಂಟಲಲ್ಲೇ ಇತ್ತು. ಕೆಮ್ಮಿದರೆ ರದ್ದು.

ಬೇಲಿ ಆಯಿತು. ಮನೆ ಆಯಿತು. ತಿಹಾನಾ ಹೊಸ ಪದರ ಒತ್ತಿ ಎಲ್ಲಕ್ಕಿಂತ ದಪ್ಪ ಕುಂಚ ಆರಿಸಿದಳು.

"ಈಗ ಆಕಾಶ," ಅಂದಳು, ಸಂತೋಷವಾಗಿ. ಕೈ ಬೀಸಿ ಬಳಿದಳು, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಕೆಳಗಿನ ಮೂಲೆಯವರೆಗೂ ನೀಲಿ ಬಂದ ಮೇಲೆಯೇ ಅವಳ ಕೈ ನಿಂತದ್ದು.

ಅವಳ ಬೆನ್ನು ನಮ್ಮ ಕಡೆಗಿತ್ತು.

ಆಗ ಮಕ್ಕಳ ಕಡೆಯಿಂದ ಸದ್ದು ಶುರುವಾಯಿತು. "ಮಿಸ್, ನಂದೂ ಹೋಯ್ತು." "ನಂದೂ ನೀಲಿ." "ಎಲ್ಲಿ ಹೋಯ್ತು ಮಿಸ್?" ನಾನು ಕತ್ತು ಚಾಚಿ ನೋಡಿದೆ. ಸಾಲು ಸಾಲು ಟ್ಯಾಬು, ಎಲ್ಲದರಲ್ಲೂ ನೀಲಿ. ಇಡೀ ಕ್ಲಾಸಿನಲ್ಲಿ ಒಬ್ಬನಿಗೂ ಇದು ತಪ್ಪು ಕ್ರಮ ಅನಿಸಿರಲಿಲ್ಲ. ಹೇಗೆ ಅನಿಸಬೇಕು, ಎಲ್ಲರೂ ಗಾಜಿನ ಮೇಲೆ ಚಿತ್ರ ಬಿಡಿಸುವ ಮನೆಗಳ ಮಕ್ಕಳು. ಅವರ ಕೈಗೂ ಅಜ್ಜಂದಿರೇ ಗುರುಗಳು.

ಫ್ರಾಂಕಾ ಅತ್ತಳು. ಜೋರಾಗಿ ಅಲ್ಲ, ಟ್ಯಾಬಿನ ಮೇಲೆ ತಲೆ ಇಟ್ಟು, ಹೆಗಲು ಕುಲುಕಿಸಿ. ರುಕಾವಿನಾ ಮೇಡಂ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಪಕ್ಕದವರು ಬರೆದುಕೊಂಡರು. ಮುಗಿಯಿತು ಅಂದುಕೊಂಡೆ. ಚಳಿಗಾಲದ ಒದ್ದೆ ಸ್ಪಂಜಿನ ದಿನಕ್ಕಿಂತ ಇದು ಕೆಟ್ಟದಾಯಿತು ಅಂದುಕೊಂಡೆ.

ತಿಹಾನಾ ತಿರುಗಿದಳು. ಮುಖ ಸುಣ್ಣದಂತೆ ಬಿಳಚಿಕೊಂಡಿತ್ತು. ಸಮಿತಿಯ ಕಡೆ ನೋಡಲಿಲ್ಲ, ನನ್ನ ಕಡೆ ನೋಡಲಿಲ್ಲ, ಅಳುತ್ತಿದ್ದ ಫ್ರಾಂಕಾಳನ್ನು ನೋಡಿದಳು. ತಿಹಾನಾಳ ಮುಖ ಬದಲಾದದ್ದು ಆಗ.

"ಯಾರೂ ಏನೂ ಒತ್ತಬೇಡಿ," ಅಂದಳು. "ಅಳಿಸಬೇಡಿ, ಹಿಂದಕ್ಕೆ ಹೋಗಬೇಡಿ, ಕೈ ತೆಗೀರಿ ಎಲ್ಲರೂ. ಫ್ರಾಂಕಾ, ಇಲ್ಲಿ ನೋಡು ಪುಟ್ಟಿ. ನಿನ್ನ ಹುಂಜ ಎಲ್ಲೂ ಹೋಗಿಲ್ಲ. ಆಕಾಶದ ಕೆಳಗಿದೆ."

"ಕಾಣ್ತಿಲ್ಲ," ಅಂತು ಆ ಮಗು, ತಲೆ ಎತ್ತದೆ.

"ಕಾಣ್ತಿಲ್ಲ, ನಿಜ. ನಂಗೂ ಕಾಣ್ತಿಲ್ಲ. ಮನೇಲಿ ನಿಮ್ಮಪ್ಪ ಗಾಜಿಗೆ ಆಕಾಶ ಬಳಿದ ಮೇಲೆ ಏನು ಮಾಡ್ತಾರೆ?"

"ತಿರುಗಿಸ್ತಾರೆ."

"ಈ ಬೋರ್ಡನ್ನ ತಿರುಗಿಸಿದ್ರೆ ಗೋಡೆ ಬಿದ್ದುಹೋಗುತ್ತೆ." ಯಾರೋ ಕಿಸಕ್ಕೆಂದರು. "ಇದಕ್ಕೆ ಬೆನ್ನಿಲ್ಲ, ಇರೋದು ಮುಖ ಮಾತ್ರ. ಅದಕ್ಕೇ ಇಲ್ಲಿ ಚಿತ್ರ ತಿರುಗಿಸೋಕೆ ಆಗಲ್ಲ, ಆಕಾಶವನ್ನೇ ಕೆಳಗೆ ಕಳಿಸ್ಬೇಕು. ಬಲಗಡೆ ಪದರಗಳ ಪಟ್ಟಿ ತೆಗೀರಿ. ಎಲ್ಲಕ್ಕಿಂತ ಮೇಲೆ ನೀಲಿ ಕೂತಿದೆಯಲ್ಲ, ಅದರ ಮೇಲೆ ಬೆರಳಿಡಿ. ಎತ್ತಬೇಡಿ. ಕೆಳಗೆ ಎಳೀರಿ. ಇನ್ನೂ ಕೆಳಗೆ. ಕಟ್ಟಕಡೆಗೆ ಬಿಡಿ."

ಅವಳೂ ಎಳೆದಳು. ಬೋರ್ಡಿನ ಮೇಲೆ ಮನೆಯ ಮಾಡು ಬಂತು, ಬೇಲಿ ಬಂತು, ಹುಂಜ ಬಂತು. ಇನ್ನೂ ಸರಿಯಾಗಿರಲಿಲ್ಲ, ಬೇಲಿ ಹುಂಜದ ಎದೆಯ ಮೇಲೆ ಹಾದುಹೋಗಿತ್ತು, ಮನೆ ಬೇಲಿಯನ್ನು ನುಂಗಿತ್ತು. "ಎಲ್ಲ ತಲೆಕೆಳಗಾಗಿದೆ," ಅಂದಳು. "ಈಗ ಹೇಳಿ, ಯಾರು ಯಾರ ಹಿಂದೆ ಹೋಗ್ಬೇಕು?" ಮಕ್ಕಳು ಕೂಗಿ ಹೇಳಿದರು. ಅವಳು ಒಂದೊಂದೇ ಪದರ ಎಳೆದಳು, ಅವರೂ ಎಳೆದರು. ಕೊನೆಗೆ ಅವಳು ಕಣ್ಣನ್ನು ಎಲ್ಲದರ ಮೇಲಕ್ಕೆ ತಂದಾಗ ಹುಂಜ ನಮ್ಮನ್ನು ನೋಡಿತು. ಹಿಂದು ಮುಂದಿನ ಪಾಠವನ್ನು ಇಷ್ಟು ಚೆನ್ನಾಗಿ ನನ್ನ ಇಡೀ ನೌಕರಿಯಲ್ಲಿ ನಾನೂ ಮಾಡಿರಲಿಲ್ಲ. ಫ್ರಾಂಕಾ ಮೂಗು ಒರೆಸಿಕೊಂಡು ಟ್ಯಾಬನ್ನು ಪಕ್ಕದವಳಿಗೆ ತೋರಿಸುತ್ತಿದ್ದಳು.

ಗಂಟೆ ಹೊಡೆಯಿತು. ಮಕ್ಕಳು ಚೀಲ ತುಂಬಿಕೊಳ್ಳತೊಡಗಿದರು. ಅವರು ಹೊರಡುವ ಮೊದಲೇ ರುಕಾವಿನಾ ಮೇಡಂ ಎದ್ದು ಮುಂದೆ ಬಂದರು.

"ತಿಹಾನಾ ಅವರೇ, ಒಂದು ಪ್ರಶ್ನೆ. ಆ ನೀಲಿ ಆದದ್ದು, ಎಲ್ಲ ಮುಚ್ಚಿಹೋದದ್ದು, ಅದು ನೀವು ಬೇಕಂತಲೇ ಮಾಡಿದ್ದಾ? ಮಕ್ಕಳು ತಪ್ಪಿನಿಂದ ಕಲೀಲಿ ಅಂತ?"

ಅಯ್ಯೋ ದೇವರೇ, ಬಾಗಿಲು ಅವರೇ ತೆರೆದುಕೊಟ್ಟಿದ್ದರು. ಹೂಂ ಅಂದರೆ ಮುಗಿಯಿತು. ಎಂಥ ಜಾಣ ಪಾಠ, ಎಂಥ ಯೋಜನೆ ಅಂತ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಹೂಂ ಅನ್ನೇ, ಒಂದೇ ಒಂದು ಹೂಂ, ಅಂತ ನಾನು ಮನಸ್ಸಿನಲ್ಲೇ ಅವಳ ಕಾಲು ಹಿಡಿಯುತ್ತಿದ್ದೆ.

ತಿಹಾನಾಳ ಕಣ್ಣು ಮೇಡಂ ಅವರನ್ನು ದಾಟಿ ಹಿಂದಕ್ಕೆ ಹೋಯಿತು. ಅಲ್ಲಿ ಫ್ರಾಂಕಾ ಚೀಲ ಹೆಗಲಿಗೇರಿಸಿಕೊಂಡು ನಿಂತಿದ್ದಳು, ಕೆಂಪಾದ ಕಣ್ಣಲ್ಲಿ, ಉತ್ತರ ಕೇಳಲು.

"ಇಲ್ಲ," ಅಂದಳು ತಿಹಾನಾ. "ಬೇಕಂತ ಮಾಡಿದ್ದಲ್ಲ. ಕೈ ತಪ್ತು."

"ಅಂದ್ರೆ ನಿಮಗೆ ಕ್ರಮ ಗೊತ್ತಿರಲಿಲ್ಲ?"

"ಗೊತ್ತಿತ್ತು. ಬಾಯಿಪಾಠ ಮಾಡ್ಕೊಂಡು ಬಂದಿದ್ದೆ. ಆದ್ರೂ ತಪ್ತು."

ಮೇಡಂ ಕೈಯಲ್ಲಿದ್ದ ಕಾಗದ ಮಡಚಿದರು. "ಹೊರಗೆ ಕಾಯಿರಿ," ಅಂದರು.

ಹೊರಗೆ ಬಂದು ಬಾಗಿಲು ಹಾಕಿದ್ದೇ ನಾನು ಅವಳ ಮೇಲೆ ಹರಿಹಾಯ್ದೆ. ಬೂಟು, ಕೋಟುಗಳ ಸಾಲಿನ ಮಧ್ಯೆ, ದನಿ ತಗ್ಗಿಸಿ, ಹಲ್ಲು ಕಚ್ಚಿಕೊಂಡು. "ನಿನ್ನ ತಲೆಯಲ್ಲಿ ಏನಿದೆ? ಮಣ್ಣಾ? ಬಾಯಿಗೆ ತುತ್ತು ಇಟ್ಟರೆ ಉಗಿದು ಬಂದ್ಯಲ್ಲೇ. ಒಂದು ಹೂಂ ಅನ್ನೋಕೆ ನಿನ್ನ ಗಂಟೇನು ಹೋಗ್ತಿತ್ತು?"

"ಟೀಚರ್, ಫ್ರಾಂಕಾ ಕೇಳಿಸ್ಕೊಳ್ತಿದ್ಲು."

"ಕೇಳಿಸ್ಕೊಳ್ಲಿ. ಅವಳಿಗೇನು ಗೊತ್ತಾಗುತ್ತೆ?"

"ಎಲ್ಲಾ ಗೊತ್ತಾಗುತ್ತೆ. ಬೇಕಂತ ಮಾಡ್ದೆ ಅಂದ್ರೆ, ಅವಳನ್ನ ಬೇಕಂತಲೇ ಅಳಿಸ್ದೆ ಅಂತ ಆಯ್ತಲ್ಲ. ಇಡೀ ವರ್ಷದಲ್ಲಿ ಅವಳು ಮುಗಿಸಿದ ಒಂದೇ ಚಿತ್ರ ಅದು. ಅದನ್ನ ನಾನು ಪರೀಕ್ಷೆಗೋಸ್ಕರ ಮುಚ್ಚಿದೆ ಅಂತ ಅವಳ ಮುಂದೆ ಹೇಗೆ ಹೇಳ್ಲಿ? ಆಮೇಲೆ ಅವಳು ನಾನು ಹೇಳಿದ್ದನ್ನ ಯಾಕೆ ಬಿಡಿಸ್ತಾಳೆ?"

"ಆಮೇಲೆ ಅಂದ್ರೆ? ಈ ಕೆಲಸ ಹೋದ್ರೆ ನಿನಗೆ ಆಮೇಲೆ ಅನ್ನೋದು ಎಲ್ಲಿಂದ ಬಂತು?"

ಅವಳು ಗೋಡೆಗೆ ಒರಗಿ ನಿಂತಳು. ಒಳಗಿನಿಂದ ಮೇಡಂ ಅವರ ದನಿ ಕೇಳುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ಒಮ್ಮೆ ಜೋರಾಯಿತು, ಇನ್ನೊಬ್ಬರು ಏನೋ ಎದುರು ಹೇಳಿದರು, ಮತ್ತೆ ಮೆತ್ತಗಾಯಿತು. ಆ ಹುಡುಗಿಯ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಸಿಟ್ಟು ಇನ್ನೂ ಇಳಿದಿರಲಿಲ್ಲವಾದ್ದರಿಂದ ಹಿಡಿಯಲಿಲ್ಲ.

ಬಾಗಿಲು ತೆರೆಯಿತು. ರುಕಾವಿನಾ ಮೇಡಂ ನಿಂತೇ ಮಾತಾಡಿದರು.

"ಹೂಂ ಅಂದಿದ್ರೆ ನಿಮ್ಮನ್ನ ಈಗಲೇ ಮನೆಗೆ ಕಳಿಸ್ತಿದ್ದೆ. ನಿಮ್ಮ ಪಾಠದ ಯೋಜನೆ ನಾನು ಓದಿದ್ದೀನಿ, ಅದರಲ್ಲಿ ಹುಂಜ ಮುಚ್ಚೋದು ಎಲ್ಲೂ ಇಲ್ಲ." ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಪಾಠದ ಮೊದಲ ಭಾಗ ನಂಗೆ ಏನೇನೂ ಹಿಡಿಸಲಿಲ್ಲ. ಬರೀ ಒತ್ತೋದು, ತೋರಿಸೋದು. ಅದೊಂದೇ ಆಗಿದ್ರೂ ಬೀಳಿಸ್ತಿದ್ದೆ. ಕಡೇ ಭಾಗಕ್ಕೆ ಪಾಸು ಮಾಡಿದ್ದೀನಿ. ಇನ್ನೊಂದು ಸಲ ಕೈ ತಪ್ಪಿದ್ರೆ ಏನು ಮಾಡ್ತೀರಿ?"

"ತಪ್ಪುತ್ತೆ ಮೇಡಂ," ಅಂದಳು ತಿಹಾನಾ. "ಆಕಾಶನ ಕೆಳಗೆ ಎಳೀತೀನಿ."

ಮೇಡಂ ತಲೆಯಾಡಿಸಿ ಹೊರಟುಹೋದರು. ಬರೆದುಕೊಳ್ಳುವ ಇಬ್ಬರೂ ಅವರ ಹಿಂದೆ ಹೋದರು.

ತಿಹಾನಾ ಕುಸಿದು ಮಕ್ಕಳ ಬೂಟುಗಳ ಮಧ್ಯೆ ನೆಲದ ಮೇಲೆ ಕೂತುಬಿಟ್ಟಳು. ಮಂಡಿ ನೋವಿದ್ದರೂ ನಾನೂ ಪಕ್ಕದಲ್ಲಿ ಕೂತೆ. ಅವಳು ಮುಂದಿದ್ದ ಒಂದು ಬೂಟಿನ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ, ತನಗೇ ನಂಬಿಕೆಯಿಲ್ಲದವಳಂತೆ ಕೇಳಿದಳು.

"ಹಾಗಾದ್ರೆ ಸೆಪ್ಟೆಂಬರಲ್ಲಿ ಈ ಕ್ಲಾಸು ನಂಗೇ ಬರುತ್ತಾ ಟೀಚರ್?"

ಆ ಕೋಣೆ, ಆ ಗೋಡೆ, ಆ ಮಕ್ಕಳು, ಇಷ್ಟು ವರ್ಷ ನನ್ನದು ಅಂದುಕೊಂಡಿದ್ದದ್ದೆಲ್ಲ ಒಮ್ಮೆಲೇ ನನ್ನ ಕಣ್ಣ ಮುಂದೆ ಬಂತು. ಬೋರ್ಡಿನ ಮೇಲೆ ಸಿಟ್ಟು ಮಾಡಿಕೊಂಡಷ್ಟು ದಿನವೂ ನಾನು ಬಿಟ್ಟುಹೋಗುವವಳು ಎಂಬುದು ನನಗೆ ಹೀಗೆ ತಟ್ಟಿರಲಿಲ್ಲ.

"ನಿಂದೇ ಕಣೇ," ಅಂದೆ. "ಇನ್ಮೇಲೆ ಎಲ್ಲಾ ನಿಂದೇ."

ಅವಳು ಆಗ ಅತ್ತಳು, ಚಳಿಗಾಲದಿಂದ ತಡೆದಿಟ್ಟದ್ದೆಲ್ಲ ಸೇರಿಸಿ. ನಾನೂ ಅತ್ತೆ. ನಾನು ಯಾಕೆ ಅತ್ತೆ ಅಂತ ಅವಳು ಕೇಳಲಿಲ್ಲ.